ಉಳಿಸಿದವರು ಯಾರು?

ಊರಿನ ವಾಚನಾಲಯದವರು ಫೋನು ಮಾಡಿ, "ಮೂವತ್ತು ವರ್ಷ ಮನೆ ಲೆಕ್ಕ ಬರೆದಿಟ್ಟೋರು ನೀವು. ಮಿತವ್ಯಯದ ಮೇಲೆ ಒಂದು ಪ್ರಬಂಧ ಬರ್ಕೊಡಿ, ಈಗಿನ ಹುಡುಗ್ರಿಗೆ ಬುದ್ಧಿ ಬರ್ಲಿ" ಅಂದರು. ನನಗೆ ಸಂತೋಷವೇ ಆಯಿತು. ನಾನು ಗುಂಡ್ಲುಪೇಟೆ ಸೀಮೆ ಬಿಟ್ಟು ಕೋತಗಿರಿಗೆ ಬಂದದ್ದು 1986ರಲ್ಲಿ. ಇಷ್ಟು ವರ್ಷದ ಮೇಲೂ ಊರಿನವರು ನೆನೆಸಿಕೊಂಡರಲ್ಲ ಅಂತ ಒಪ್ಪಿಕೊಂಡುಬಿಟ್ಟೆ. ಬರೆಯುವುದು ಏನು ಕಷ್ಟ, ಪುಸ್ತಕಗಳೆಲ್ಲ ಅಟ್ಟದ ಮೇಲಿವೆ, ಇಳಿಸಿ ನಾಲ್ಕು ಉದಾಹರಣೆ ತೆಗೆದರೆ ಆಯಿತು ಅಂದುಕೊಂಡೆ.

ಇಳಿಸಿದೆ, ಎರಡು ದಿನ ಕೂತು ಓದಿದೆ. ಬರೆಯಬೇಕು ಅಂದುಕೊಂಡಿದ್ದ ಪ್ರಬಂಧ ಅಲ್ಲಿಗೇ ನಿಂತಿತು. ಇದು ಅದರ ಬದಲಿಗೆ ಬರೆದದ್ದು. ಹುಡುಗರಿಗೆ ಇದರಿಂದ ಬುದ್ಧಿ ಬರುತ್ತದೋ ಇಲ್ಲವೋ, ನನಗೆ ಅರವತ್ತರಲ್ಲಿ ಸ್ವಲ್ಪ ಬಂತು.

ಮೊದಲು ನಾನಿರುವ ಜಾಗದ ಮಾತು ಸ್ವಲ್ಪ ಹೇಳಬೇಕು. ಕೋತಗಿರಿ ನೀಲಗಿರಿ ಜಿಲ್ಲೆಯಲ್ಲಿ ಸಮುದ್ರಮಟ್ಟಕ್ಕೆ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಕೋತರು ಇದ್ದ ಬೆಟ್ಟ, ಅದಕ್ಕೇ ಆ ಹೆಸರು. ಸುತ್ತಲ ಹಟ್ಟಿಗಳಲ್ಲಿ ಬಡಗರು. ಅವರ ಮಾತು ನಮ್ಮ ಕನ್ನಡಕ್ಕೆ ಅಕ್ಕತಂಗಿ ಇದ್ದ ಹಾಗೆ. ನಾನು ಬಂದ ಹೊಸದರಲ್ಲಿ ತಮಿಳು ಬಾರದೆ ಇದ್ದರೂ ಹಟ್ಟಿಯವರ ಜೊತೆ ಹೇಗೋ ಬದುಕಿದೆ. ಇಲ್ಲಿ ರಾಗಿ ಹೊಲ ಕಾಣುವುದಿಲ್ಲ, ಗುಡ್ಡದ ನೆತ್ತಿಯವರೆಗೂ ಟೀ ಗಿಡ. ಅರ್ಧ ಎಕರೆ, ಒಂದು ಎಕರೆಯ ಸಣ್ಣ ಬೆಳೆಗಾರರೇ ಹೆಚ್ಚು. ಅಕ್ಕಿ, ಬೇಳೆ, ಎಣ್ಣೆ ಎಲ್ಲ ಮೇಟುಪಾಳ್ಯದಿಂದ ಘಟ್ಟ ಹತ್ತಿ ಬರಬೇಕು. ಚಳಿಗೆ ಸ್ವೆಟರ್ ಬೇಕು, ಸ್ನಾನಕ್ಕೆ ವರ್ಷವಿಡೀ ಬಿಸಿನೀರು ಬೇಕು, ಮಳೆಗಾಲದಲ್ಲಿ ಬಟ್ಟೆ ಒಣಗಿಸಲೂ ಒಲೆ ಉರಿಯಬೇಕು. ಬಯಲಿನವರಿಗೆ ಲೆಕ್ಕಕ್ಕೇ ಬಾರದ ಖರ್ಚುಗಳು ಇವು.

ನಾನು ಕೆಲಸ ಮಾಡಿದ್ದು ಎಲೆ ತೂಗುವ ಶೆಡ್ಡಿನಲ್ಲಿ, ಗುಮಾಸ್ತನಾಗಿ. ತೋಟಗಳಿಂದ ಮೂಟೆ ಬರುತ್ತದೆ, ತೂಗಬೇಕು, ನೀರಿಗೂ ಚೀಲಕ್ಕೂ ಇಷ್ಟು ಅಂತ ಕಳೆಯಬೇಕು, ಚೀಟಿ ಬರೆಯಬೇಕು. ಟೀ ಎಲೆಯ ಒಂದು ಗುಣ ನಮ್ಮೂರಿನ ರೈತರಿಗೆ ಗೊತ್ತಿರಲಿ. ರಾಗಿಯನ್ನು ಬೆಲೆ ಬರುವವರೆಗೆ ಮನೆಯಲ್ಲಿ ತುಂಬಿಡಬಹುದು. ಇದನ್ನು ಇಡುವ ಹಾಗಿಲ್ಲ. ಕಿತ್ತ ದಿನವೇ ಕಾರ್ಖಾನೆ ಸೇರಬೇಕು, ಇಲ್ಲದಿದ್ದರೆ ಬಾಡಿ ಕೆಂಪಾಗುತ್ತದೆ. ನಾಲ್ಕು, ನಾಲ್ಕೂವರೆ ಕಿಲೋ ಹಸಿ ಎಲೆಗೆ ಒಂದು ಕಿಲೋ ಟೀಪುಡಿ. ಆ ಪುಡಿ ಕೂನೂರಿನ ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು ಅನ್ನುವುದರ ಮೇಲೆ ಎಲೆಯ ಬೆಲೆ. ಬೆಳೆದವನಿಗೆ ಕಾಯುವ ಶಕ್ತಿ ಇಲ್ಲ, ಹಾಗಾಗಿ ಬೆಲೆ ಹೇಳುವ ಶಕ್ತಿಯೂ ಇಲ್ಲ. ಸಹಕಾರಿ ಟೀ ಕಾರ್ಖಾನೆಗಳು 1960ರ ದಶಕದಲ್ಲಿ ಶುರುವಾದದ್ದು ಈ ಸಂಕಟಕ್ಕೇ. ಈಗ ಜಿಲ್ಲೆಯಲ್ಲಿ ಅಂಥವು ಹದಿನಾರು ಇವೆ. ಆದರೂ ಹರಾಜು ಬಿದ್ದರೆ ಎಲ್ಲರೂ ಬೀಳುವುದೇ.

1998ರ ನಂತರ ಹಾಗೆ ಬಿತ್ತು. ಕಿಲೋಗೆ ಹದಿನೈದರ ಮೇಲೆ ನಾನೇ ಚೀಟಿ ಬರೆದಿದ್ದ ಎಲೆಗೆ, ಎರಡು ವರ್ಷದಲ್ಲಿ ಐದಾರು ರೂಪಾಯಿ ಬರೆಯಬೇಕಾಗಿ ಬಂತು. ಕೀಳುವ ಕೂಲಿಯೂ ಹುಟ್ಟದೆ ಕೆಲವರು ತೋಟವನ್ನು ಹಾಗೇ ಬೆಳೆಯಲು ಬಿಟ್ಟರು. ಹಟ್ಟಿಯ ಹುಡುಗರು ಕೊಯಮತ್ತೂರು, ತಿರುಪ್ಪೂರಿಗೆ ಇಳಿದರು. ನನ್ನ ಸಂಬಳ ಮೊದಲು ತಡವಾಯಿತು, ಆಮೇಲೆ ಅರ್ಧವಾಯಿತು. ಮನೆಯಲ್ಲಿ ಮೂರು ವರ್ಷದ ಮಗ, ಕೈಗೂಸು ಮಗಳು.

ಆ ವರ್ಷಗಳ ಪುಸ್ತಕಗಳೇ ನನ್ನ ಹೆಮ್ಮೆ ಆಗಿದ್ದದ್ದು. ಏನೇನು ಕಡಿತ ಮಾಡಿದೆ ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಹಾಲು ಒಂದು ಲೀಟರಿನಿಂದ ಅರ್ಧ ಲೀಟರಿಗೆ. ಪೇಪರ್ ನಿಲ್ಲಿಸಿದ್ದು. ಶೆಡ್ಡಿಗೆ ಬಸ್ಸಿನ ಬದಲು ನಡೆದು ಹೋದದ್ದು. ಸಾಲ ಮಾಡಲಿಲ್ಲ, ಒಡವೆ ಅಡವಿಡಲಿಲ್ಲ, ಮಕ್ಕಳನ್ನು ಸ್ಕೂಲು ಬಿಡಿಸಲಿಲ್ಲ. ಈ ಕತೆಯನ್ನು ನಾನು ಎಷ್ಟು ಮದುವೆ ಮನೆಗಳಲ್ಲಿ, ಎಷ್ಟು ಬಸ್ ಸ್ಟ್ಯಾಂಡುಗಳಲ್ಲಿ ಹೇಳಿದ್ದೇನೋ! "ಆಸೆ ಹಿಡಿತದಲ್ಲಿದ್ರೆ ಯಾವ ಕಾಲಾನೂ ದಾಟಬಹುದು" ಅನ್ನುತ್ತಿದ್ದೆ. ಕೇಳಿದವರು ತಲೆಯಾಡಿಸುತ್ತಿದ್ದರು.

ಈಗ ಅದೇ ಪುಸ್ತಕವನ್ನು ಕನ್ನಡಕ ಹಾಕಿಕೊಂಡು ಓದುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಹಾಲು ಅರ್ಧ ಲೀಟರ್ ಆದಮೇಲೂ ನನಗೆ ಬೆಳಿಗ್ಗೆ ಒಂದು ಲೋಟ ಕಾಫಿ ಸಿಗುತ್ತಿತ್ತು. ಮಕ್ಕಳಿಗೆ ಹಾಲು ಸಿಗುತ್ತಿತ್ತು. ಹಾಗಿದ್ದರೆ ಕಡಿಮೆಯಾದ ಅರ್ಧ ಲೀಟರು ಯಾರದು?

ಮಾವನ ಮನೆಯಲ್ಲಿ ಹಸು ಇತ್ತು. ನನ್ನ ಹೆಂಡತಿ ಮದುವೆಯಾಗಿ ಬಂದಾಗ ಹಾಲು ಮೊಸರು ಇಲ್ಲದೆ ಉಣ್ಣುತ್ತಿರಲಿಲ್ಲ. ಯಾವಾಗಿನಿಂದಲೋ ಬರೀ ಡಿಕಾಕ್ಷನ್ ಕುಡಿಯುವುದು ರೂಢಿ ಮಾಡಿಕೊಂಡಳು. "ನಂಗೆ ಹಾಲು ಒಗ್ಗಕಿಲ್ಲ" ಅನ್ನುತ್ತಿದ್ದಳು. ನಾನು ನಂಬಿದ್ದೆ. ನಂಬುವುದು ನನಗೆ ಅನುಕೂಲವಾಗಿತ್ತು ಅನ್ನುವುದನ್ನೂ ಸೇರಿಸಿ ಹೇಳಬೇಕು.

ಪುಸ್ತಕದಲ್ಲಿ ಅವಳ ಹೆಸರು ಎಲ್ಲೆಲ್ಲಿದೆ ಅಂತ ಹುಡುಕಿದೆ. 1999ರಿಂದ 2012ರವರೆಗೆ ಹದಿನಾಲ್ಕು ವರ್ಷದಲ್ಲಿ ಹನ್ನೊಂದು ಸಲ ಬಂದಿದೆ. ಅದರಲ್ಲಿ ನಾಲ್ಕು ಸಲ ದೀಪಾವಳಿ ಸೀರೆ, ಐದು ಸಲ ಆಸ್ಪತ್ರೆ, ಎರಡು ಸಲ ಚಪ್ಪಲಿ. ಅವಳು ಸುಮ್ಮನೆ ಕೂತವಳಲ್ಲ. ವಾರಕ್ಕೆ ಮೂರ್ನಾಲ್ಕು ದಿನ ಪಕ್ಕದ ತೋಟಗಳಿಗೆ ಎಲೆ ಕೀಳಲು ಹೋಗುತ್ತಿದ್ದಳು, ರಾತ್ರಿ ಸೀರೆಗೆ ಫಾಲ್ಸ್ ಹೊಲಿಯುತ್ತಿದ್ದಳು. ಅದರ ದುಡ್ಡನ್ನು ನಾನು ಹೇಗೆ ಬರೆದಿದ್ದೇನೆ ಗೊತ್ತೇ? ನನ್ನ ಸಂಬಳದ ಸಾಲಿನಲ್ಲಿ ನನ್ನ ಹೆಸರಿದೆ. ಅವಳ ಕೂಲಿಯ ಸಾಲಿನಲ್ಲಿ "ಮನೆ ಆದಾಯ" ಅಂತಿದೆ. ಮೋಸ ಮಾಡಬೇಕು ಅಂತ ಬರೆದದ್ದಲ್ಲ. ಹಾಗೆ ಬರೆಯುವಾಗ ಕೈ ತಡೆಯಲಿಲ್ಲ, ಅಷ್ಟೆ.

ಇನ್ನು "ಇತರೆ" ಅನ್ನುವ ಒಂದು ಸಾಲಿದೆ. ಅದು ನಾನು ಶೆಡ್ಡಿನ ಪಕ್ಕದ ಅಂಗಡಿಯಲ್ಲಿ ಕುಡಿದ ಟೀ, ತಿಂದ ಬೋಂಡ. 1999ರಲ್ಲಿ ಅದನ್ನೂ ನಿಲ್ಲಿಸಿದ್ದೆ, ಸುಳ್ಳು ಹೇಳಬಾರದು. ಆದರೆ ಎಲೆ ಬೆಲೆ ಒಂದಿಷ್ಟು ಸುಧಾರಿಸಿ ಸಂಬಳ ಪೂರ್ತಿ ಬಂದ ತಿಂಗಳೇ "ಇತರೆ" ವಾಪಸ್ಸು ಬಂದಿದೆ. ಪೇಪರ್ ವಾಪಸ್ಸು ಬಂದಿದೆ. ಬಸ್ ಚಾರ್ಜು ವಾಪಸ್ಸು ಬಂದಿದೆ. ಹಾಲು ಮಾತ್ರ ಅರ್ಧ ಲೀಟರೇ ಉಳಿದಿದೆ. ಬಡತನ ಬಂದಾಗ ನಾವಿಬ್ಬರೂ ಒಟ್ಟಿಗೆ ಕೆಳಗಿಳಿದೆವು, ಸರಿ. ಹತ್ತುವಾಗ ನಾನು ಹತ್ತಿಬಿಟ್ಟೆ, ಅವಳು ಅಲ್ಲೇ ನಿಂತಳು. ಅದನ್ನು ಅವಳ ಸ್ವಭಾವ ಅಂತ ಕರೆದೆ. "ನಮ್ಮನೇಲಿ ಅವಳಿಗೆ ಏನೂ ಬೇಡ" ಅಂತ ಹೊಗಳಿದೆ ಕೂಡ.

2012ರಲ್ಲಿ ಅವಳಿಗೆ ಕನ್ನಡಕ ಮಾಡಿಸಿದ್ದು ಬರೆದಿದೆ, 650 ರೂಪಾಯಿ. ಅದೂ ನಾನಾಗಿ ಮಾಡಿಸಿದ್ದಲ್ಲ. ಮಗಳು ಆಗ ಹದಿನಾಲ್ಕರ ಹುಡುಗಿ. ಒಂದು ದಿನ, "ಅಪ್ಪ, ಪಕ್ಕದ ಮನೆ ಪಾಪು ಮೂರು ವರ್ಷದಿಂದ ಅಮ್ಮಂಗೆ ಸೂಜಿಗೆ ದಾರ ಪೋಣಿಸಿ ಕೊಡ್ತಾ ಇದೆ, ನಿಂಗೆ ಗೊತ್ತಾ?" ಅಂದಳು. ನನಗೆ ಗೊತ್ತಿರಲಿಲ್ಲ. ಆ ವರ್ಷ ನನ್ನ "ಇತರೆ" ದಿನಕ್ಕೆ 15 ರೂಪಾಯಿ, ತಿಂಗಳಿಗೆ 26 ದಿನ, ವರ್ಷಕ್ಕೆ 4,680. ಕನ್ನಡಕಕ್ಕೆ ದುಡ್ಡಿಲ್ಲದೆ ಮೂರು ವರ್ಷ ಹೋಯಿತು ಅನ್ನಲು ಬರುವುದಿಲ್ಲ. ದುಡ್ಡಿತ್ತು. ಕೇಳುವವರು ಇರಲಿಲ್ಲ, ಅವಳೂ ಹೇಳಲಿಲ್ಲ.

ಶೆಡ್ಡಿನಲ್ಲಿ ನಡೆದ ಒಂದು ಮಾತು ಈಗ ನೆನಪಾಗುತ್ತದೆ. ಎಲೆ ಕೀಳುವ ಒಬ್ಬ ಅಜ್ಜಿ ಇದ್ದರು. ಸಿಲೋನಿನಿಂದ ವಾಪಸ್ಸು ಬಂದ ಕುಟುಂಬ. 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದ ಮೇಲೆ ಹಾಗೆ ಬಂದವರು ಈ ಜಿಲ್ಲೆಯಲ್ಲಿ ಬಹಳ ಜನ. ಅಜ್ಜಿ 500 ರೂಪಾಯಿ ಮುಂಗಡ ತಗೊಂಡು ಹೋಗಿ ಮೊಮ್ಮಗನ ಹುಟ್ಟುಹಬ್ಬಕ್ಕೆ ಕೇಕ್ ತಂದರು ಅಂತ ಸುದ್ದಿ ಬಂತು. ನಾನು ಕರೆದು ಬುದ್ಧಿ ಹೇಳಿದೆ. ಸಾಲದ ದುಡ್ಡಲ್ಲಿ ಕೇಕ್ ತಿನ್ನುವುದು ಯಾವ ನ್ಯಾಯ, ಅಂತ. ಅಜ್ಜಿ ಸಿಟ್ಟು ಮಾಡಲಿಲ್ಲ. ಇಲ್ಲಿ ಗುಮಾಸ್ತರನ್ನು ಕಣಕ್ಕುಪಿಳ್ಳೆ ಅನ್ನುತ್ತಾರೆ. "ಕಣಕ್ಕುಪಿಳ್ಳೆ, ಕೇಕ್ ತಂದದ್ದು ನಿನಗೆ ಕಾಣಿಸ್ತು. ಅದಕ್ಕೆ ಅಂತ ನಾನು ಎರಡು ತಿಂಗಳು ಎಲೆಅಡಿಕೆ ಬಿಟ್ಟೆ, ಅದು ಕಾಣಿಸ್ತಾ? ಅದನ್ನೂ ಬರಿ" ಅಂದರು ತಮಿಳಿನಲ್ಲಿ. ನಾನು ನಕ್ಕು ಸುಮ್ಮನಾದೆ. ಅಜ್ಜಿ ಹೇಳಿದ್ದು ಇಷ್ಟೇ: ಖರ್ಚು ಮಾಡಿದ್ದು ಎಲ್ಲರಿಗೂ ಕಾಣುತ್ತದೆ, ಬಿಟ್ಟದ್ದು ಯಾರಿಗೂ ಕಾಣುವುದಿಲ್ಲ. ಬಡವರ ದುಂದಿನ ಬಗ್ಗೆ ಮಾತಾಡುವವರೆಲ್ಲ ನನ್ನ ಹಾಗೆ ಅರ್ಧ ಲೆಕ್ಕ ನೋಡಿಯೇ ಮಾತಾಡುತ್ತಾರೆ.

ಇದು ನನ್ನ ಮನೆಯ ಕತೆ ಮಾತ್ರ ಆಗಿದ್ದರೆ ಅಚ್ಚು ಹಾಕಿಸುವ ಅಗತ್ಯ ಇರಲಿಲ್ಲ. ಮೇಷ್ಟ್ರುಗಳು ಓದುವ ಪುಸ್ತಕವಾದ್ದರಿಂದ ಹಳೆಯ ಒಂದು ಸಂಗತಿ ಹೇಳುತ್ತೇನೆ. ಇಂಗ್ಲೆಂಡಿನ ಯಾರ್ಕ್ ಎಂಬ ಊರಿನಲ್ಲಿ ಸೀಬೋಮ್ ರೌನ್‌ಟ್ರೀ ಅಂತ ಒಬ್ಬರಿದ್ದರು. ಚಾಕೊಲೇಟ್ ಕಾರ್ಖಾನೆ ನಡೆಸುವ ಮನೆತನದವರು. 1899ರಲ್ಲಿ ಆ ಊರಿನ ಕೂಲಿಕಾರರ ಮನೆಮನೆಗೂ ಜನ ಕಳಿಸಿ ಆದಾಯ, ಬಾಡಿಗೆ, ಊಟ ಎಲ್ಲ ವಿಚಾರಿಸಿ 1901ರಲ್ಲಿ ಪುಸ್ತಕ ಮಾಡಿದರು. ಒಂದು ಕುಟುಂಬ ಬದುಕಿ ಉಳಿಯಲು ಕನಿಷ್ಠ ಎಷ್ಟು ದುಡ್ಡು ಬೇಕು ಅಂತ ಲೆಕ್ಕ ಕಟ್ಟಿದ ಮೊದಲಿಗರಲ್ಲಿ ಅವರೊಬ್ಬರು. ಆ ಪುಸ್ತಕದಲ್ಲಿ ಒಬ್ಬ ಹೆಂಗಸಿನ ಮಾತು ಬರುತ್ತದೆ. ಮಗುವಿಗೆ ಬೂಟು ತರಬೇಕಾದಂಥ ಹೆಚ್ಚಿನ ಖರ್ಚು ಬಂದರೆ ತಾನೂ ಮಕ್ಕಳೂ ಮಧ್ಯಾಹ್ನದ ಊಟ ಬಿಡುತ್ತೇವೆ, ಇಲ್ಲವೇ ಒಂದು ಲೋಟ ಟೀ, ಒಂದು ಚೂರು ಬ್ರೆಡ್ಡಿನಲ್ಲಿ ಮುಗಿಸುತ್ತೇವೆ. ಗಂಡನಿಗೆ ಮಾತ್ರ ಎಂದಿನ ಹಾಗೆ ಬುತ್ತಿ ಕಟ್ಟಿ ಕೊಡುತ್ತೇನೆ. ಅವನಿಗೆ ಇದು ಗೊತ್ತಿಲ್ಲ, ನಾನು ಹೇಳುವುದೂ ಇಲ್ಲ ಅಂತ. ನಾನು ಇದನ್ನು ಓದಿ ಎಷ್ಟೋ ಹೊತ್ತು ಪುಸ್ತಕ ಮುಚ್ಚಿಟ್ಟು ಕೂತೆ. ಆ ಊರು ಎಲ್ಲಿ, ಕೋತಗಿರಿ ಎಲ್ಲಿ.

ಅದಕ್ಕೂ ಮುಂಚೆ, 1857ರಲ್ಲಿ ಜರ್ಮನಿಯ ಅರ್ನ್ಸ್ಟ್ ಎಂಗೆಲ್ ಎಂಬ ಅಂಕಿಅಂಶದ ಪಂಡಿತರು ಒಂದು ಮಾತು ಹೇಳಿದ್ದರು. (ಮಾರ್ಕ್ಸ್ ಗೆಳೆಯ ಏಂಗೆಲ್ಸ್ ಬೇರೆ, ಇವರು ಬೇರೆ.) ಕುಟುಂಬ ಬಡವಾದಷ್ಟೂ ಅದರ ಖರ್ಚಿನಲ್ಲಿ ಊಟದ ಪಾಲು ಹೆಚ್ಚು ಅಂತ. ನಿಜ. ನನ್ನ ಪುಸ್ತಕವೂ ಅದನ್ನೇ ಹೇಳುತ್ತದೆ. ಆದರೆ ಅದರಲ್ಲಿ ಕುಟುಂಬಕ್ಕೆ ಒಂದೇ ಬಾಯಿ, ಒಂದೇ ಹೊಟ್ಟೆ. ಆ ಊಟ ಮನೆಯೊಳಗೆ ಯಾರಿಗೆ ಎಷ್ಟು ಹೋಯಿತು ಎಂಬುದು ಅಲ್ಲಿ ಇಲ್ಲ. ನಮ್ಮ ಕಾಲದಲ್ಲಿ ಅಮರ್ತ್ಯ ಸೇನ್ ಅದನ್ನೇ ಕೆದಕಿ ಬರೆದರು: ಮನೆಯನ್ನು ಒಂದೇ ಜೀವ ಅಂತ ಎಣಿಸಿದರೆ ಒಳಗಿನ ಹೆಚ್ಚುಕಮ್ಮಿ ಮುಚ್ಚಿಹೋಗುತ್ತದೆ ಅಂತ. ಈ ಬೆಟ್ಟದ ಹಳೆಯ ವ್ಯವಹಾರದಲ್ಲೂ ಹಾಗೇ. ದುಡ್ಡು ಬಳಕೆಗೆ ಬರುವ ಮುಂಚೆ ಕೋತರು ನೇಗಿಲಗುಳ, ಮಡಕೆ ಮಾಡಿ ಕೊಡುತ್ತಿದ್ದರು, ಹಬ್ಬ-ಸಾವಿಗೆ ವಾದ್ಯ ನುಡಿಸುತ್ತಿದ್ದರು, ಬಡಗರು ಸುಗ್ಗಿಯಲ್ಲಿ ಧಾನ್ಯ ಅಳೆದು ಕೊಡುತ್ತಿದ್ದರು. ಯಾವ ಬಡಗ ಮನೆಗೆ ಯಾವ ಕೋತ ಮನೆ ಎಂಬುದು ತಲೆಮಾರಿನಿಂದ ಗೊತ್ತಿತ್ತು. ಮನೆಗೂ ಮನೆಗೂ ನಡುವಿನ ಲೆಕ್ಕ ಅಷ್ಟು ಕಟ್ಟುನಿಟ್ಟು. ಬಾಗಿಲು ದಾಟಿ ಒಳಗೆ ಬಂದ ಮೇಲೆ ಲೆಕ್ಕ ನಿಂತುಬಿಡುತ್ತದೆ.

ಅಷ್ಟು ದೂರವೂ ಹೋಗಬೇಕಾಗಿಲ್ಲ. ನಿಮ್ಮ ನಿಮ್ಮ ಅವ್ವಂದಿರನ್ನು ನೆನೆಸಿಕೊಳ್ಳಿ. ನನ್ನವ್ವ ಎಲ್ಲರೂ ಉಂಡ ಮೇಲೆ ಮಡಕೆಯ ತಳ ಕೆರೆದು, ಸೀಕು ಮುದ್ದೆಯನ್ನು ಸಾರಿನ ನೀರಲ್ಲಿ ಅದ್ದಿ ತಿನ್ನುತ್ತಿದ್ದಳು. "ನಂಗೆ ಸೀಕೇ ರುಚಿ" ಅನ್ನುತ್ತಿದ್ದಳು. ನಾವು ಅದನ್ನೂ ನಂಬಿದೆವು.

ಇಲ್ಲಿ ಒಂದು ಎದುರು ಮಾತು ಬರುತ್ತದೆ, ಬರಬೇಕಾದದ್ದೇ. ಪ್ರೀತಿಯಿಂದ ಬಿಟ್ಟುಕೊಟ್ಟದ್ದನ್ನು ಅನ್ಯಾಯ ಅಂತ ಕರೆದರೆ ಆ ಪ್ರೀತಿಗೇ ಅವಮಾನ ಮಾಡಿದ ಹಾಗಲ್ಲವೇ? ಸಂಸಾರವೇನು ಅಂಗಡಿಯೇ, ಪಾಲು ಪಾಲು ತೂಗಲು? ನಾನೂ ಹಾಗೇ ವಾದ ಮಾಡುತ್ತಿದ್ದವನು. ಅದರಲ್ಲಿ ಸತ್ಯವೂ ಇದೆ. ಮಕ್ಕಳ ತಟ್ಟೆಗೆ ತನ್ನ ತುತ್ತು ಹಾಕುವಾಗ ತಾಯಿಗೆ ಆಗುವ ಸುಖ ಸುಳ್ಳಲ್ಲ. ಆದರೆ ಬಿಟ್ಟುಕೊಡುವುದು ಅಷ್ಟು ದೊಡ್ಡ ಗುಣವಾಗಿದ್ದರೆ ಅದು ಮನೆಯಲ್ಲಿ ಒಬ್ಬರ ಪಾಲಿಗೇ ಯಾಕೆ ಬೀಳುತ್ತದೆ? ಗುಣ ಆಗಿದ್ದರೆ ಎಲ್ಲರೂ ಸರದಿಯಲ್ಲಿ ಅಭ್ಯಾಸ ಮಾಡಬೇಕಿತ್ತಲ್ಲ. ಇನ್ನೊಂದು ಮಾತು. ಇಷ್ಟಪಟ್ಟು ಬಿಡುವುದು ಅಂದರೆ, ಬೇಕು ಅಂತ ಹೇಳುವ ಜಾಗವೂ ಇರಬೇಕು. ಆ ಜಾಗ ಇಲ್ಲದ ಕಡೆ "ನಂಗೆ ಬೇಡ" ಅನ್ನುವುದರ ಅರ್ಥ ಏನು ಅಂತ ತಿಳಿಯುವುದು ಹೇಗೆ?

ಆಯ್ದಕ್ಕಿ ಲಕ್ಕಮ್ಮನ ಕತೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಗಂಡ ಮಾರಯ್ಯ ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ, ಇದು ನಮಗೆ ಬೇಡ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅಂದಳು. ಇದನ್ನು ನಾವು ಮಕ್ಕಳಿಗೆ ಅಲ್ಪತೃಪ್ತಿಯ ಪಾಠ ಅಂತ ಹೇಳಿಕೊಡುತ್ತೇವೆ. ಹೇಳಿಕೊಡಿ, ತಪ್ಪಿಲ್ಲ. ಆದರೆ ಆ ಮನೆಯಲ್ಲಿ ಎಷ್ಟು ಸಾಕು ಅಂತ ಅಳತೆ ಮಾಡಿದವಳು ಯಾರು ಅನ್ನುವುದನ್ನು ಬಿಟ್ಟು ಹೇಳುತ್ತೇವೆ. ಸೇರು ಲಕ್ಕಮ್ಮನ ಕೈಯಲ್ಲಿತ್ತು. ಮಾರಯ್ಯ ಅದಕ್ಕೆ ತಲೆಬಾಗಿ ವಾಪಸ್ಸು ಹೋದ. ನಮ್ಮ ಮನೆಗಳಲ್ಲಿ ಅಳತೆ ನಮ್ಮದು, ತೃಪ್ತಿ ಅವರದು.

ಇಷ್ಟೆಲ್ಲ ಯೋಚನೆ ಮಾಡಿ, ಒಂದು ಸಂಜೆ ಹೆಂಡತಿಯನ್ನು ಕೂರಿಸಿ ಪುಸ್ತಕ ತೋರಿಸಿದೆ. ನನ್ನಿಂದ ತಪ್ಪಾಗಿದೆ ಅಂದೆ. ಅವಳು ಕಣ್ಣೀರು ಹಾಕಬಹುದು, ಇಲ್ಲವೇ "ಬುಡಿ, ಅದೇನ್ ಮಹಾ" ಅನ್ನಬಹುದು ಅಂತ ಎಣಿಸಿದ್ದೆ. ಅವಳಿಗೆ ಬಂದದ್ದು ಸಿಟ್ಟು.

"ನಾನೇನ್ ಪೆದ್ದೀನಾ? ಇಪ್ಪತ್ ವರ್ಸ ಸುಮ್ನೆ ಕೊಟ್ಕಂಡ್ ಕೂತಿದ್ದೆ ಅನ್ಕಂಡ್ರಾ?" ಅಂದಳು. ಆಮೇಲೆ ಸ್ವಲ್ಪ ಹೊತ್ತು ತಡೆದು, "ನಿಮ್ ಪುಸ್ತಕದಲ್ಲಿರೋ ಬ್ಯಾಳೆ ರೇಟು ನಿಜ ಅಲ್ಲ" ಅಂದಳು.

ಏನು ಅಂತ ಕೇಳಿದೆ. ಅಂಗಡಿಯಲ್ಲಿ ಬೇಳೆ 32 ರೂಪಾಯಿ ಇದ್ದರೆ ನನಗೆ 35 ಅಂತ ಹೇಳುತ್ತಿದ್ದಳಂತೆ. ಎಣ್ಣೆಗೆ ಎರಡು ರೂಪಾಯಿ, ಸೋಪಿಗೆ ಎಂಟಾಣೆ. ಹಾಗೆ ಒಟ್ಟು ಮಾಡಿದ್ದನ್ನು ತೋಟದ ಹೆಂಗಸರ ಜೊತೆ ಚೀಟಿ ಹಾಕುತ್ತಿದ್ದಳು. ಚೀಟಿ ಎತ್ತಿದ ದುಡ್ಡು ಊರಿಗೆ, ಅವಳ ಅಕ್ಕನಿಗೆ ಹೋಗುತ್ತಿತ್ತು.

ಇಲ್ಲಿ ನನ್ನ ಮಾನ ಹೋಗುವ ವಿಷಯ ಬರೆಯಬೇಕಾಗಿದೆ. ಅವಳ ಅಕ್ಕನ ಗಂಡ 2000ದಲ್ಲಿ ತೀರಿಕೊಂಡ. ಇಬ್ಬರು ಗಂಡುಮಕ್ಕಳು. ದೊಡ್ಡವನ ಸ್ಕೂಲಿಗೆ ಅಂತ ಅವಳು ನಮ್ಮನೆಗೆ ಬಂದು ಕೇಳಿದ್ದು ನಿಜ, ನಾನು ಆಗಲ್ಲ ಅಂದದ್ದೂ ನಿಜ. "ನಮ್ಮ ಸಂಸಾರವೇ ಕಷ್ಟದಲ್ಲಿದೆ, ಮೊದಲು ನಮ್ಮದು ನೋಡ್ಕೋಬೇಕು" ಅಂದಿದ್ದೆ. ಅದೇ ತಿಂಗಳ ಪುಸ್ತಕದಲ್ಲಿ ನನ್ನ ಚಿಕ್ಕಪ್ಪನ ಮಗನ ಮದುವೆಗೆ 501 ರೂಪಾಯಿ ಮುಯ್ಯಿ ಹಾಕಿದ್ದು ಬರೆದಿದೆ. ನನ್ನ ಕಡೆಯವರು ಸಂಸಾರದ ಒಳಗೆ, ಅವಳ ಕಡೆಯವರು ಹೊರಗೆ. ಕುಟುಂಬ ಸಾಕುವುದು ಅನ್ನುತ್ತೇವಲ್ಲ, ಆ ಕುಟುಂಬದ ಬೇಲಿ ಎಲ್ಲಿ ಹಾಕಬೇಕು ಅಂತ ಇಬ್ಬರೂ ಕೂತು ಮಾತಾಡಿರಲಿಲ್ಲ. ನಾನೇ ಹಾಕಿದ್ದೆ. ಅವಳು ಬೇಲಿ ಕೀಳಲು ಹೋಗದೆ ಕೆಳಗಿನಿಂದ ದಾರಿ ಮಾಡಿಕೊಂಡಳು. ಏಳು ವರ್ಷ. ಆ ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐ ಮಾಡಿದ. ಇದನ್ನು ಬರೆಯಲು ಅವರ ಒಪ್ಪಿಗೆ ಕೇಳಿದ್ದೇನೆ, ಹೆಸರು ಬೇಡ ಅಂದರು.

ಅವಳು ಸುಳ್ಳು ಹೇಳಿದ್ದು ತಪ್ಪೋ ಸರಿಯೋ? ನಾನು ಸುಳ್ಳು ತಪ್ಪು ಅಂತ ನಂಬಿ ಬೆಳೆದವನು. ತೂಕದ ಕೆಲಸದಲ್ಲಿ ಇದ್ದವನಿಗೆ ಅದು ಇನ್ನೂ ಮುಖ್ಯ. ಮೂರು ರೂಪಾಯಿ ಕಳ್ಳಲೆಕ್ಕ ಮಾಡಿದ ಹುಡುಗನನ್ನು ಶೆಡ್ಡಿನಿಂದ ಬಿಡಿಸಿದ್ದೂ ಉಂಟು. ಹಾಗಾಗಿ ಕೇಳಿದ ಕೂಡಲೇ ನನಗೆ ಮೋಸವಾಯಿತು ಅನ್ನಿಸಿದ್ದು ಸಹಜ. ರಾತ್ರಿಯೆಲ್ಲ ಹೊರಳಾಡಿದೆ. ಬೆಳಗಿನ ಹೊತ್ತಿಗೆ ಹೀಗೆ ಅನ್ನಿಸಿತು: ಕೇಳಿ ಪಡೆಯುವ ದಾರಿಯನ್ನು ಒಂದು ಸಲ ಪ್ರಯತ್ನ ಮಾಡಿದ್ದಳು, ಆಗಲ್ಲ ಅನ್ನಿಸಿಕೊಂಡಳು. ತಾನು ದುಡಿದ ಕೂಲಿಯನ್ನೂ ನನ್ನ ಪುಸ್ತಕದಲ್ಲಿ ಹೆಸರಿಲ್ಲದೆ ಹಾಕಿದವಳು. ತನ್ನದೇ ದುಡ್ಡನ್ನು ತಾನು ಕದಿಯಬೇಕಾದರೆ ಕಳ್ಳತನ ಅನ್ನುವ ಪದ ಯಾರ ಮೇಲೆ ಹೋಗಬೇಕು? ಸುಳ್ಳು ಸುಳ್ಳೇ, ಅದನ್ನು ನಿಜ ಮಾಡಲು ನನಗೆ ಆಗದು. ಆದರೆ ಆ ಸುಳ್ಳಿನಲ್ಲಿ ಅರ್ಧ ಪಾಲು ನನ್ನದು. ಇದಕ್ಕಿಂತ ಒಳ್ಳೆಯ ತೀರ್ಪು ಓದುವವರಲ್ಲಿ ಯಾರಿಗಾದರೂ ಹೊಳೆದರೆ ವಾಚನಾಲಯಕ್ಕೆ ಒಂದು ಕಾಗದ ಬರೆಯಿರಿ, ಹುಡುಗಾಟಕ್ಕೆ ಹೇಳುತ್ತಿಲ್ಲ.

ಒಂದು ಸಮಾಧಾನ ಮಾಡಿಕೊಳ್ಳಲು ಹೋಗಿ ಅದೂ ನಿಲ್ಲಲಿಲ್ಲ. ಎಲೆ ಐದು ರೂಪಾಯಿ ಇದ್ದಾಗ ಹಂಚಲು ಏನಿತ್ತು, ಇಲ್ಲದ್ದನ್ನು ಹೇಗೆ ಹಂಚುವುದು ಅಂತ ಕೇಳಿಕೊಂಡೆ. ಇಲ್ಲದ್ದನ್ನೂ ಹಂಚಿಯೇ ಹಂಚುತ್ತೇವೆ. ಅರ್ಧ ಲೀಟರ್ ಹಾಲಿನ ಕೊರತೆಯನ್ನು ನಾವು ಹಂಚಿದೆವು, ನಾಲ್ಕು ಜನರಲ್ಲಿ ಒಬ್ಬಳಿಗೆ ಕೊಟ್ಟೆವು. ಬೆಲೆ ಏರುವುದು ಇಳಿಯುವುದು ನಮ್ಮ ಕೈಯಲ್ಲಿಲ್ಲ, ಕೂನೂರಿನ ಹರಾಜಿಗೆ ಹೋಗಿ ನಾನು ಕೈ ಎತ್ತುವ ಹಾಗಿಲ್ಲ. ಆ ಏಟು ಮನೆಯೊಳಗೆ ಯಾರ ಮೇಲೆ ಬೀಳಬೇಕು ಅನ್ನುವುದು ಮಾತ್ರ ನಮ್ಮ ಕೈಯಲ್ಲಿತ್ತು.

2023ರಲ್ಲಿ ನಿಮ್ಮ ಕಡೆ ಗೃಹಲಕ್ಷ್ಮಿ ಅಂತ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಶುರುವಾಯಿತು. ನಮ್ಮ ತಮಿಳುನಾಡಿನಲ್ಲೂ ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೆಂಗಸರ ಖಾತೆಗೆ 1,000 ರೂಪಾಯಿ ಹಾಕುವುದು ಆರಂಭವಾಯಿತು. ಇದು ಸರಕಾರಕ್ಕೆ ಕಟ್ಟುಬೀಳುತ್ತದೋ ಇಲ್ಲವೋ ಅನ್ನುವ ಚರ್ಚೆ ಬೇರೆ, ತಿಳಿದವರು ಮಾಡಲಿ. ಟೀ ಅಂಗಡಿಯಲ್ಲಿ ನಾನು ಕೇಳಿದ ಮಾತು ಬೇರೆ: "ಅವರ ಕೈಗೆ ದುಡ್ಡು ಹೋದ್ರೆ ಹಾಳಾಗ್ತದೆ, ಸೀರೆ ತಗೋತಾರೆ, ತವರಿಗೆ ಕೊಡ್ತಾರೆ." ಹೇಳುವವನ ಕೈಯಲ್ಲಿ ಬೀಡಿ ಇರುತ್ತದೆ. ನನ್ನ ಕೈಯಲ್ಲಿ ಬೋಂಡ. ಆ ದುಡ್ಡು ದಂಡವಾಗುತ್ತದೆ ಅನ್ನುವುದು ನಮ್ಮ ನಿಜವಾದ ದೂರು ಅಲ್ಲ ಅಂತ ಈಗ ನನಗೆ ಅನ್ನಿಸುತ್ತದೆ. ನಾವು ಬರೆಯುವ ಪುಸ್ತಕಕ್ಕೆ ಬಾರದ ಒಂದು ಸಾಲು ಹುಟ್ಟಿಕೊಂಡಿದೆಯಲ್ಲ, ದೂರು ಅದಕ್ಕೆ.

ಈಗ ನಮ್ಮನೆಯಲ್ಲಿ ಒಂದು ಹೊಸ ಪದ್ಧತಿ ಮಾಡಿದ್ದೇವೆ. ತಿಂಗಳ ಮೊದಲ ಪುಟದಲ್ಲಿ ಇಬ್ಬರ ಹೆಸರು, ಇಬ್ಬರಿಗೂ ಒಂದೇ ಮೊತ್ತ, ಅದನ್ನು ಏನು ಮಾಡಿದೆ ಅಂತ ಯಾರೂ ಯಾರನ್ನೂ ಕೇಳುವ ಹಾಗಿಲ್ಲ. ಅಕ್ಕಿ ಬೇಳೆ ಅದರ ಹೊರಗೆ. ಮೊದಲ ತಿಂಗಳು ಅವಳು ತನ್ನ ಪಾಲು ತೆಗೆದುಕೊಂಡು ಹೋಗಿ ಬೇಳೆಯನ್ನೇ ತಂದಳು. ಇಪ್ಪತ್ತೈದು ವರ್ಷದ ಅಭ್ಯಾಸ ಒಂದು ಪುಟದಿಂದ ಹೋಗುತ್ತದೆಯೇ? ಮೂರನೇ ತಿಂಗಳು ಏನು ತಂದಳೋ ಗೊತ್ತಿಲ್ಲ. ನಾನು ಕೇಳಲಿಲ್ಲ. ಕೇಳದೆ ಇರುವುದು ಎಷ್ಟು ಕಷ್ಟ ಅಂತ ಮಾತ್ರ ಗೊತ್ತಾಯಿತು. ಹಳೆಯ ಚೀಟಿಗಳದ್ದು ಒಟ್ಟು ಎಷ್ಟಾಯಿತು ಹೇಳು, ಪುಸ್ತಕ ಸರಿ ಮಾಡಬೇಕು ಅಂತ ಎರಡು ಸಲ ಕೇಳಿದೆ. "ಲೆಕ್ಕ ಮಡಗಿಲ್ಲ" ಅಂದಳು. ಮಡಗಿದ್ದಾಳೆ ಅಂತ ನನಗೆ ಅನುಮಾನ.

ಇಷ್ಟು ಬರೆದು ಪ್ರಬಂಧ ಮುಗಿಯಿತು ಅಂದುಕೊಂಡು, ಈ ವರ್ಷದ ಪುಸ್ತಕ ತೆಗೆದು ನೋಡಿದೆ. ಆದಾಯದ ಕಡೆ ಮೇಲಿನ ಸಾಲು: "ಕೊಯಮತ್ತೂರಿನಿಂದ, 8,000." ನನ್ನ ಮಗಳು ನರ್ಸು. ನಾನು ಕೆಲಸ ಬಿಟ್ಟಾಗಿನಿಂದ ಪ್ರತಿ ತಿಂಗಳೂ ಕಳಿಸುತ್ತಾಳೆ, ಒಂದು ದಿನವೂ ತಪ್ಪಿಲ್ಲ. ಅವಳ ಹೆಸರನ್ನು ನಾನು ಬರೆದಿಲ್ಲ, ಊರಿನ ಹೆಸರು ಬರೆದಿದ್ದೇನೆ. ಹಾಸ್ಟೆಲ್ ಬಾಡಿಗೆ ಎಷ್ಟು, ಬಸ್ಸಿಗೆ ಎಷ್ಟು, ಕೈಯಲ್ಲಿ ಏನು ಉಳಿಯುತ್ತದೆ ಅಂತ ಒಂದು ದಿನವೂ ಕೇಳಿದವನಲ್ಲ. "ನಮ್ಮ ಹುಡುಗಿಗೆ ಆಸೆನೇ ಇಲ್ಲ" ಅಂತ ಹೋದ ವಾರ ಕೂಡ ಯಾರಿಗೋ ಹೇಳಿದೆ.

ಆವತ್ತೇ ರಾತ್ರಿ ಫೋನು ಮಾಡಿದೆ. ದುಡ್ಡಿನ ಮಾತು ಎತ್ತಲು ಬಾಯಿ ಬರಲಿಲ್ಲ. ಮಧ್ಯಾಹ್ನ ಏನು ಊಟ ಮಾಡಿದೆ ಮಗಾ ಅಂತ ಕೇಳಿದೆ. ಇಂಥ ಪ್ರಶ್ನೆ ನಾನು ಕೇಳುವವನಲ್ಲ, ಅವಳಿಗೆ ಗಾಬರಿ ಆಯಿತು. "ಯಾಕಪ್ಪ, ಹುಷಾರಾಗಿದ್ದೀರಾ? ಅಮ್ಮ ಎಲ್ಲಿ?" ಅಂದಳು. ಎಲ್ಲ ಚೆನ್ನಾಗಿದ್ದೇವೆ, ನೀನು ಏನು ತಿಂದೆ ಹೇಳು ಅಂದೆ.

"ಡ್ಯೂಟಿ ಜಾಸ್ತಿ ಇತ್ತಪ್ಪ. ಟೀ ಕುಡಿದೆ, ಬನ್ ತಿಂದೆ. ನಂಗೆ ಸಾಕಾಗ್ತದೆ" ಅಂದಳು.